ರಿಟರ್ನ್ಸ್ ಕೌಂಟರ್‌ನಿಂದ ಎದ್ದು ಹೋದವಳು: ಒಂದು ರಾಜೀನಾಮೆಯ ಪ್ರಕರಣ ಅಧ್ಯಯನ

ರಾಜೀನಾಮೆ ಪತ್ರದಲ್ಲಿ ಬರೆದ ಕಾರಣ ‘ವೈಯಕ್ತಿಕ’. ಬಿಡುವ ಮುನ್ನ ಎಚ್‌ಆರ್‌ನವರು ಕೂರಿಸಿ ಮಾತಾಡಿಸಿ ತುಂಬಿಕೊಂಡ ಫಾರ್ಮಿನಲ್ಲಿ ಇದ್ದದ್ದು ‘ಗ್ರಾಹಕರ ಒತ್ತಡ’. ಎರಡೂ ನಿಜವಲ್ಲ. ಮೊದಲನೆಯದು ಜಗಳ ಬೇಡವೆಂದು ಉದ್ಯೋಗಿ ಬರೆದದ್ದು. ಎರಡನೆಯದು ವಿಚಾರಣೆ ಬೇಡವೆಂದು ಅಂಗಡಿಯವರು ಬರೆದುಕೊಂಡದ್ದು. ಈ ಎರಡು ಕಾಗದಗಳಲ್ಲಿ ಬಾರದೆ ಉಳಿದದ್ದೇ ಇಲ್ಲಿನ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿನ ಉದ್ಯೋಗಿ ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ದೊಡ್ಡ ಅಂಗಡಿಗಳ ಕೌಂಟರ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಭಾಗಗಳನ್ನು ಸೇರಿಸಿ ಕಟ್ಟಿದ ಪ್ರಕರಣ ಇದು. ಅಂಗಡಿಯೊಳಗಿನ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಲೆಕ್ಕ ಮಾತ್ರ ಎಲ್ಲಿಗೆ ಹೋದರೂ ಅದೇ.

ಕೆಲಸ ಏನಿತ್ತು

ಅಂಗಡಿ ಗೃಹೋಪಯೋಗಿ ವಸ್ತುಗಳದ್ದು: ಫ್ಯಾನ್, ಇಸ್ತ್ರಿಪೆಟ್ಟಿಗೆ, ಹೆಡ್‌ಫೋನ್, ವ್ಯಾಕ್ಯೂಮ್ ಕ್ಲೀನರ್. ಬಿಲ್ಲಿಂಗ್ ಕೌಂಟರ್ ಆರು, ರಿಟರ್ನ್ಸ್ ಕೌಂಟರ್ ಒಂದು. ಆಕೆ ಮೊದಲ ವರ್ಷ ಸೇಲ್ಸ್‌ನಲ್ಲಿದ್ದಳು. ಮಾತು ಮೃದು, ಬೇಗ ಸಿಟ್ಟಾಗುವವಳಲ್ಲ ಎಂಬ ಕಾರಣಕ್ಕೇ ಅವಳನ್ನು ರಿಟರ್ನ್ಸ್‌ಗೆ ಹಾಕಿದರು. ತಾಳ್ಮೆ ಇದ್ದವರನ್ನು ಹುಡುಕಿ ತಾಳ್ಮೆ ಸವೆಯುವ ಜಾಗದಲ್ಲಿ ಕೂರಿಸುವುದು ಈ ವ್ಯಾಪಾರದ ಹಳೆಯ ಚಾಳಿ.

ಹೊರಗಿನಿಂದ ನೋಡಿದರೆ ವಸ್ತು ವಾಪಸ್ ತೆಗೆದುಕೊಂಡು ದುಡ್ಡು ಕೊಡುವುದು ಒಂದು ನಿಮಿಷದ ಕೆಲಸ. ಒಳಗೆ ಎಂಟು ಹೆಜ್ಜೆಗಳಿವೆ. ಬಿಲ್ ಹುಡುಕಬೇಕು, ತಾರೀಖು ನೋಡಬೇಕು, ಡಬ್ಬಿಯ ಮೇಲಿನ ಸೀರಿಯಲ್ ನಂಬರ್ ಮತ್ತು ವಸ್ತುವಿನ ಮೇಲಿನ ನಂಬರ್ ಎರಡನ್ನೂ ಬಿಲ್ಲಿಗೆ ತಾಳೆ ಹಾಕಬೇಕು, ಜೊತೆಗೆ ಬಂದ ವೈರು, ಚಾರ್ಜರ್, ಪುಸ್ತಕ ಎಣಿಸಬೇಕು, ಬಳಸಿದ ಗುರುತು ಇದೆಯೇ ನೋಡಬೇಕು, ಕಾರಣದ ಕೋಡ್ ಹಾಕಬೇಕು, ಯಾವ ದಾರಿಯಲ್ಲಿ ದುಡ್ಡು ಬಂದಿತ್ತೋ ಅದೇ ದಾರಿಯಲ್ಲಿ ವಾಪಸ್ ಕಳಿಸಬೇಕು, ಕೊನೆಗೆ ವಸ್ತುವಿಗೆ ಚೀಟಿ ಅಂಟಿಸಿ ‘ಮತ್ತೆ ಮಾರಬಹುದು’, ‘ಕಂಪನಿಗೆ ವಾಪಸ್’, ‘ಗುಜರಿ’ ಎಂಬ ಮೂರರಲ್ಲಿ ಒಂದು ಕಡೆ ಇಡಬೇಕು. ಎಲ್ಲ ಸರಿ ಇದ್ದರೆ ನಾಲ್ಕು ನಿಮಿಷ. ಒಂದು ಹೆಜ್ಜೆ ಎಡವಿದರೂ ಹದಿನೈದು. ಸರಾಸರಿ ಆರು ಎಂದಿಟ್ಟುಕೊಳ್ಳೋಣ.

ಎಡವುವ ಜಾಗಗಳೂ ನಿಗದಿಯಾಗಿಯೇ ಇರುತ್ತವೆ. ಮನೆಯಲ್ಲಿ ಒಂದೇ ಮಾದರಿಯ ಎರಡು ಹೆಡ್‌ಫೋನ್ ಇದ್ದವರು ಹಳೆಯದನ್ನು ಹೊಸ ಡಬ್ಬಿಯಲ್ಲಿಟ್ಟು ತರುತ್ತಾರೆ. ಬಹಳ ಸಲ ಮೋಸಕ್ಕಲ್ಲ, ಗೊತ್ತಿಲ್ಲದೆ. ಆದರೆ ‘ನಂಬರ್ ಹೊಂದುತ್ತಿಲ್ಲ’ ಎಂದ ಕೂಡಲೇ ಅದು ‘ನಾನು ಕಳ್ಳನಾ?’ ಎಂಬ ಪ್ರಶ್ನೆಯಾಗಿ ತಿರುಗುತ್ತದೆ. ಉಡುಗೊರೆಯಾಗಿ ಬಂದ ವಸ್ತುವಿಗೆ ಬಿಲ್ ಇರುವುದಿಲ್ಲ. ದುಡ್ಡು ಕೊಟ್ಟ ಕಾರ್ಡ್ ಆಗಲೇ ಮುಚ್ಚಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಜಗಳ ತರುವುದು ‘ಎರಡು ಕೊಂಡರೆ ಒಂದು ಉಚಿತ’ ಬಗೆಯ ಕೊಡುಗೆ. ಒಂದೇ ಬೆಲೆಯ ಮೂರು ವಸ್ತುಗಳಿಗೆ ಗ್ರಾಹಕ ಎರಡರ ದುಡ್ಡು ಕೊಟ್ಟಿರುತ್ತಾನೆ. ಬಿಲ್ಲಿಂಗ್ ಸಾಫ್ಟ್‌ವೇರ್ ಆ ರಿಯಾಯಿತಿಯನ್ನು ಮೂರಕ್ಕೂ ಹಂಚಿ, ಪ್ರತಿಯೊಂದನ್ನೂ ಮೂರನೇ ಎರಡು ಬೆಲೆಗೆ ಮಾರಿದಂತೆ ಬರೆದುಕೊಳ್ಳುತ್ತದೆ. ಒಂದನ್ನು ವಾಪಸ್ ತಂದವನು ಪೂರ್ತಿ ಬೆಲೆ ಕೇಳುತ್ತಾನೆ. ಅವನ ಪ್ರಕಾರ ಉಚಿತವಾಗಿ ಬಂದದ್ದು ಇನ್ನೊಂದು, ಕೆಟ್ಟದ್ದು ದುಡ್ಡು ಕೊಟ್ಟದ್ದು. ಪರದೆ ತೋರಿಸುವುದು ಮೂರನೇ ಎರಡು ಭಾಗ. ಎರಡೂ ಲೆಕ್ಕ ಅವರವರ ಮಟ್ಟಿಗೆ ಸರಿ. ಆ ಕೊಡುಗೆಯನ್ನು ಹೀಗೆ ಬರೆದವರು ಮಾರ್ಕೆಟಿಂಗ್ ವಿಭಾಗದವರು, ಹಂಚಿದ್ದು ಸಾಫ್ಟ್‌ವೇರ್, ವಿವರಿಸಬೇಕಾದವಳು ಮಾತ್ರ ಕೌಂಟರ್‌ನಲ್ಲಿ ನಿಂತವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸಿಟ್ಟು ಎಲ್ಲಿ ತಯಾರಾಗುತ್ತದೆ

ಗ್ರಾಹಕರು ಕೌಂಟರ್ ಮುಟ್ಟುವ ಹೊತ್ತಿಗೇ ಕುದಿಯುತ್ತಿದ್ದರು ಎಂಬುದು ಆಕೆಯ ಮೊದಲ ದೂರು. ಮ್ಯಾನೇಜರ್ ಇದನ್ನು ‘ಈಗಿನ ಜನರ ಸ್ವಭಾವ’ ಎಂದು ತಳ್ಳಿಹಾಕಿದ. ಸ್ವಭಾವದ ಮಾತು ಪಕ್ಕಕ್ಕಿಟ್ಟು ಸರತಿಯನ್ನು ನೋಡಬೇಕು. ಡೆನ್ಮಾರ್ಕಿನ ಗಣಿತಜ್ಞ ಅಗ್ನರ್ ಎರ್ಲಾಂಗ್ ಟೆಲಿಫೋನ್ ವಿನಿಮಯ ಕೇಂದ್ರಗಳಿಗಾಗಿ 1909ರಿಂದ ಕಟ್ಟುತ್ತಾ ಬಂದ ಸರತಿಯ ಗಣಿತ ರಿಟರ್ನ್ಸ್ ಕೌಂಟರ್‌ಗೂ ಒಗ್ಗುತ್ತದೆ.

ಒಬ್ಬರಿಗೆ ಸರಾಸರಿ ಆರು ನಿಮಿಷ ಎಂದರೆ ಗಂಟೆಗೆ ಹತ್ತು ಜನರ ಕೆಲಸ ಮುಗಿಯುತ್ತದೆ. ಜನ ಹೇಳಿ ಕೇಳಿ ಬರುವುದಿಲ್ಲ, ಒಮ್ಮೆ ಮೂವರು, ಒಮ್ಮೆ ಯಾರೂ ಇಲ್ಲ. ಇಂಥ ಕೌಂಟರ್‌ಗೆ ಗಂಟೆಗೆ ಏಳು ಜನ ಬಂದರೆ ಸರದಿಗಾಗಿ ಕಾಯುವ ಸರಾಸರಿ ಹೊತ್ತು 14 ನಿಮಿಷ. ಎಂಟಾದರೆ 24. ಒಂಬತ್ತಾದರೆ 54. ಗಂಟೆಗೆ ಒಬ್ಬನೇ ಒಬ್ಬ ಹೆಚ್ಚು ಬಂದದ್ದಕ್ಕೆ ಕಾಯುವ ಹೊತ್ತು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ನಿಜದಲ್ಲಿ ಅಷ್ಟು ಕಾಯುವ ಮೊದಲೇ ಕೆಲವರು ಎದ್ದು ಹೋಗುತ್ತಾರೆ, ಜನಜಂಗುಳಿಯ ಹೊತ್ತೂ ಕಳೆಯುತ್ತದೆ. ಆದ್ದರಿಂದ ಅಂಕಿ ಸ್ವಲ್ಪ ತಗ್ಗುತ್ತದೆ, ಏರುವ ರೀತಿ ಬದಲಾಗುವುದಿಲ್ಲ.

ಈಗ ಅದೇ ಒಂಬತ್ತು ಜನರಿಗೆ ಎರಡನೆಯವರೊಬ್ಬರನ್ನು ಕೂರಿಸಿದರೆ? ಕಾಯುವ ಹೊತ್ತು ಅರ್ಧವಾಗುತ್ತದೆ ಎಂದುಕೊಳ್ಳುವವರೇ ಹೆಚ್ಚು. ಅದು ಸುಮಾರು ಒಂದೂವರೆ ನಿಮಿಷಕ್ಕೆ ಇಳಿಯುತ್ತದೆ. 54ರಿಂದ ಒಂದೂವರೆಗೆ. ಇಡೀ ದಿನ ಬೇಕಿಲ್ಲ, ಸಂಜೆಯ ಎರಡು ಗಂಟೆ ಸಾಕು.

ಈ ಅಂಗಡಿಯಲ್ಲಿ ಆ ಎರಡನೆಯ ಕುರ್ಚಿ ಒಂದು ಕಾಲಕ್ಕೆ ಇತ್ತು. ‘ದಿನದಲ್ಲಿ ಬಹಳ ಹೊತ್ತು ಖಾಲಿ ಕೂರುತ್ತಾರೆ’ ಎಂದು ತೆಗೆದರು. ಸರತಿಯ ಕೆಲಸದಲ್ಲಿ ಖಾಲಿ ಹೊತ್ತು ದಂಡವಲ್ಲ, ಅದೇ ಕಾಯುವಿಕೆಯನ್ನು ತಗ್ಗಿಸುವ ಜಾಗ. ಬಟ್ಟೆಯ ಬೀರು ಇಡುವವರು ಅದರ ಬಾಗಿಲು ತೆರೆಯಲು ಜಾಗ ಬಿಡುವುದಿಲ್ಲವೇ, ಹಾಗೆ. ಇದು ರೋಸ್ಟರ್, ಅಂದರೆ ಪಾಳಿಯ ಪಟ್ಟಿ, ಬರೆಯುವವರಿಗೆ ಹೊಳೆಯದೆ ಹೋದದ್ದರಿಂದ ಅರ್ಧ ಗಂಟೆ ನಿಂತ ಸಿಟ್ಟೆಲ್ಲ ಎದುರಿಗೆ ಸಿಕ್ಕ ಒಂದೇ ಮುಖದ ಮೇಲೆ ಬೀಳುತ್ತಿತ್ತು.

‘ನಿಮ್ಮ ಮ್ಯಾನೇಜರ್‌ನ ಕರೀರಿ’

ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ.

ಆಕೆಗೆ ‘ಇಲ್ಲ’ ಎನ್ನುವ ಕೆಲಸ ಕೊಟ್ಟಿದ್ದರು, ‘ಆಯಿತು’ ಎನ್ನುವ ಅಧಿಕಾರ ಕೊಟ್ಟಿರಲಿಲ್ಲ. ವಾಪಸ್ ಅವಧಿ ಒಂದು ದಿನ ಮೀರಿದರೂ, ಚಾರ್ಜರ್ ಒಂದು ಕಡಿಮೆ ಇದ್ದರೂ ಪರದೆ ಕೆಂಪಾಗಿ ನಿಲ್ಲುತ್ತಿತ್ತು. ಅದನ್ನು ಬಿಡಿಸುವ ಓವರ್‌ರೈಡ್ ಪಾಸ್‌ವರ್ಡ್ ಶಿಫ್ಟ್ ಮ್ಯಾನೇಜರ್ ಹತ್ತಿರ ಮಾತ್ರ. ಒಂದು ಸಂಜೆಯ ನಮೂನೆ ಹೀಗೆ:

“ಒಂದೇ ದಿನ ತಡವಾಗಿದೆ ಮೇಡಂ, ಮಾಡಿಕೊಡಿ.”

“ಸಿಸ್ಟಮ್ ತಗೊಳ್ತಾ ಇಲ್ಲ ಸರ್. ಅವಧಿ ಮುಗಿದಿದೆ.”

“ಸಿಸ್ಟಮ್ ಕಥೆ ಬೇಡ. ನಿಮ್ಮ ಮ್ಯಾನೇಜರ್‌ನ ಕರೀರಿ.”

ಮ್ಯಾನೇಜರ್ ಬರುತ್ತಾನೆ. ಹಿಂದೆ ಹತ್ತು ಜನ ನಿಂತು ನೋಡುತ್ತಿದ್ದಾರೆ. ಗಲಾಟೆ ಮುಗಿದರೆ ಸಾಕು ಅವನಿಗೆ. “ಬಿಡಮ್ಮಾ, ಮಾಡಿಕೊಡು” ಎಂದು ಪಾಸ್‌ವರ್ಡ್ ಒತ್ತಿ, ಗ್ರಾಹಕನ ಕಡೆ ತಿರುಗಿ “ಸಾರಿ ಸರ್, ಅವರಿಗೆ ಗೊತ್ತಾಗಲಿಲ್ಲ” ಎನ್ನುತ್ತಾನೆ.

ಈ ಕೊನೆಯ ಎರಡು ಪದ ಗಮನಿಸಿ. ನಿಯಮ ಬರೆದದ್ದು ಅಂಗಡಿ, ಪಾಲಿಸಿದ್ದು ಆಕೆ, ಮುರಿದದ್ದು ಮ್ಯಾನೇಜರ್; ತಪ್ಪು ಬರೆದದ್ದು ಆಕೆಯ ಲೆಕ್ಕಕ್ಕೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಜನರ ಬಾಯಲ್ಲಿದೆ. ಕೊಡಲು ಕೈಯಲ್ಲಿ ಏನೂ ಇಲ್ಲದೆಯೂ ಆ ಪೂಜಾರಿಯ ಹೆಸರು ಹೊರಬೇಕಾದವಳ ಪಾಡು ಇಲ್ಲಿನದು.

ಇದರಿಂದ ಮೂರು ಕೆಡುಕು ಒಟ್ಟಿಗೆ ಆಗುತ್ತವೆ. ಸರತಿಯಲ್ಲಿದ್ದವರು ದನಿ ಎತ್ತಿದರೆ ಕೆಲಸ ಆಗುತ್ತದೆ ಎಂದು ಕಲಿಯುತ್ತಾರೆ. ಮ್ಯಾನೇಜರ್ ಎಲ್ಲ ಸಲವೂ ಒಪ್ಪುವುದಿಲ್ಲ, ಕೆಲವು ಸಲ ಒಪ್ಪುತ್ತಾನೆ. ಕಲಿಕೆಯ ಮನಶ್ಶಾಸ್ತ್ರದಲ್ಲಿ ಚೆನ್ನಾಗಿ ಸಾಬೀತಾದ ಸಂಗತಿಯೆಂದರೆ, ಒಮ್ಮೆ ಸಿಕ್ಕು ಒಮ್ಮೆ ಸಿಗದ ಪ್ರತಿಫಲವೇ ಒಂದು ನಡವಳಿಕೆಯನ್ನು ಹೆಚ್ಚು ಗಟ್ಟಿ ಮಾಡುತ್ತದೆ. ಎರಡನೆಯದಾಗಿ, ಮೆತ್ತಗೆ ಕೇಳಿ ‘ಇಲ್ಲ’ ಅನ್ನಿಸಿಕೊಂಡು ಹೋದವರಿಗೆ ಅನ್ಯಾಯ. ಮೂರನೆಯದು ಗಲ್ಲಾ ಲೆಕ್ಕ. ಅವಸರದಲ್ಲಿ ಮ್ಯಾನೇಜರ್ ತನ್ನ ಲಾಗಿನ್‌ನಲ್ಲಿ ಆಕೆಯ ಡ್ರಾಯರ್‌ನಿಂದಲೇ ರಿಫಂಡ್ ಮಾಡುತ್ತಾನೆ, ನಗದು ಕೊಟ್ಟು ಕಾರ್ಡ್ ಎಂದು ಒತ್ತಿಬಿಡುತ್ತಾನೆ. ರಾತ್ರಿ ಎಣಿಸುವಾಗ ಬೆಳಿಗ್ಗೆಯ ಚಿಲ್ಲರೆ ಮೊತ್ತಕ್ಕೆ ಆ ದಿನದ ನಗದು ವಸೂಲಿ ಕೂಡಿಸಿ, ನಗದು ರಿಫಂಡ್ ಮತ್ತು ನಡುವೆ ಖಜಾನೆಗೆ ಕಳಿಸಿದ್ದನ್ನು ಕಳೆದರೆ ಬರುವ ಮೊತ್ತಕ್ಕೂ ಡ್ರಾಯರ್‌ನಲ್ಲಿರುವುದಕ್ಕೂ ತಾಳೆ ಬರುವುದಿಲ್ಲ. ಕೊರತೆ ಡ್ರಾಯರ್ ಯಾರ ಹೆಸರಲ್ಲಿದೆಯೋ ಅವರದ್ದು. ಇದಕ್ಕೆ ಪರಿಹಾರ ಸುಲಭ: ಓವರ್‌ರೈಡ್ ಆದ ಕೂಡಲೇ ರಸೀದಿಯ ಎರಡನೇ ಪ್ರತಿ ಮುದ್ರಿಸಿ, ಮ್ಯಾನೇಜರ್ ಸಹಿ ಹಾಕಿಸಿ ಡ್ರಾಯರ್‌ನಲ್ಲೇ ಇಡುವುದು. ಆಕೆ ಇದನ್ನು ಕಲಿತದ್ದು ಎರಡು ಸಲ ಕೈಯಿಂದ ಕಟ್ಟಿದ ಮೇಲೆ.

ಕೆಲಸದ ಒತ್ತಡ ಹೆಚ್ಚಿದ್ದು ಅದನ್ನು ನಡೆಸುವ ಹಿಡಿತ ಕಡಿಮೆ ಇದ್ದಾಗಲೇ ಮನುಷ್ಯ ಬೇಗ ಬಳಲುತ್ತಾನೆ ಎಂಬ ಮಾದರಿಯನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲಿ ಮುಂದಿಟ್ಟರು. ಒತ್ತಡ ಅಷ್ಟೇ ಇದ್ದು ಹಿಡಿತ ಕೈಯಲ್ಲಿದ್ದರೆ ಅದೇ ಕೆಲಸ ಕಲಿಕೆಯೂ ಆಗಬಲ್ಲದು. ಆಕೆಗೆ ಸೇಲ್ಸ್‌ನಲ್ಲಿ ಗಿರಾಕಿಗಳು ಇದಕ್ಕಿಂತ ಹೆಚ್ಚೇ ಇದ್ದರು, ಅಲ್ಲಿ ಬಳಲಲಿಲ್ಲ. ಎಷ್ಟು ರಿಯಾಯಿತಿ, ಯಾವ ಮಾದರಿ, ಯಾರಿಗೆ ಎಷ್ಟು ಹೊತ್ತು ಎಂಬುದು ತಕ್ಕಮಟ್ಟಿಗೆ ಅವಳ ಕೈಯಲ್ಲಿತ್ತು.

ಅಂಕ ಮತ್ತು ನಗು

ರಿಫಂಡ್ ಆದ ಪ್ರತಿಯೊಬ್ಬರ ಫೋನಿಗೂ ಒಂದು ಪ್ರಶ್ನೆ ಹೋಗುತ್ತಿತ್ತು: ನಮ್ಮನ್ನು ಗೆಳೆಯರಿಗೆ ಶಿಫಾರಸು ಮಾಡುತ್ತೀರಾ, 0ಯಿಂದ 10ರೊಳಗೆ ಅಂಕ ಕೊಡಿ. ವ್ಯಾಪಾರ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಪ್ರಚಾರಕ್ಕೆ ತಂದ ಈ ಅಳತೆಯಲ್ಲಿ 9 ಮತ್ತು 10 ಕೊಟ್ಟವರು ಮಾತ್ರ ಪರ, 7 ಮತ್ತು 8 ತಟಸ್ಥ, 0ಯಿಂದ 6ರವರೆಗೆ ಎಲ್ಲರೂ ವಿರೋಧ. ಪರದ ಶೇಕಡಾದಿಂದ ವಿರೋಧದ ಶೇಕಡಾ ಕಳೆದರೆ ಅಂಕ. ಪರವಾಗಿಲ್ಲ ಎಂದು 6 ಕೊಟ್ಟವನೂ ಹಲ್ಲು ಕಡಿದು 0 ಕೊಟ್ಟವನೂ ಇಲ್ಲಿ ಒಂದೇ.

ಇಡೀ ಸಂಸ್ಥೆಗೆ ಸಾವಿರಾರು ಉತ್ತರ ಬಂದಾಗ ಈ ಅಳತೆಗೆ ಒಂದು ಅರ್ಥವಿದೆ. ಒಬ್ಬ ಉದ್ಯೋಗಿಯ ವಾರದ ಹತ್ತು ಉತ್ತರಕ್ಕೆ ಹಚ್ಚಿದರೆ ಜೂಜು. ಹತ್ತರಲ್ಲಿ ಏಳು ಪರ, ಒಂದು ತಟಸ್ಥ, ಎರಡು ವಿರೋಧ ಇದ್ದರೆ ಅಂಕ 50. ಹನ್ನೊಂದನೆಯವನೊಬ್ಬ ವಿರೋಧವಾಗಿ ಬಂದರೆ ಅದು ಸುಮಾರು 36ಕ್ಕೆ ಕುಸಿಯುತ್ತದೆ. ಆ ಹನ್ನೊಂದನೆಯವನು ಸಿಟ್ಟಾದದ್ದು ಕೊಡುಗೆಯ ನಿಯಮಕ್ಕಿರಬಹುದು, ಪಾರ್ಕಿಂಗ್ ಸಿಗದ್ದಕ್ಕಿರಬಹುದು. ಸೋಮವಾರದ ಸಭೆಯಲ್ಲಿ ಅಂಕದ ಪಕ್ಕದಲ್ಲಿ ಇದ್ದದ್ದು ಆಕೆಯ ಹೆಸರು.

ಇದರ ಮೇಲೆ ನಗಬೇಕಿತ್ತು. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಿಕೆಯರನ್ನು ಮುಂದಿಟ್ಟುಕೊಂಡು ಬರೆದಾಗ ಇದಕ್ಕೆ ಭಾವನಾತ್ಮಕ ದುಡಿಮೆ ಎಂಬ ಹೆಸರು ಕೊಟ್ಟರು: ಸಂಬಳಕ್ಕಾಗಿ ಭಾವವನ್ನು ಒತ್ತಿಡುವುದು, ಇಲ್ಲದ್ದನ್ನು ತೋರಿಸುವುದು. ಒಳಗೊಂದು ಇದ್ದು ಮುಖದ ಮೇಲೆ ಇನ್ನೊಂದು ಇಟ್ಟುಕೊಳ್ಳುವ ತೋರಿಕೆಯ ನಟನೆಗೂ ಭಾವನಾತ್ಮಕ ಬಳಲಿಕೆಗೂ ನಂಟಿದೆ ಎಂಬುದನ್ನು ನಂತರದ ಸಂಶೋಧನೆಗಳು ಮತ್ತೆ ಮತ್ತೆ ಕಂಡಿವೆ. ಆಕೆಗೆ ಸುಸ್ತು ತಂದದ್ದು ಬೈಗುಳವಲ್ಲ. ಬೈಗುಳ ಮುಗಿದ ಮರುಕ್ಷಣ ಮುಂದಿನವರಿಗೆ “ನಮಸ್ಕಾರ, ಹೇಳಿ” ಎನ್ನಬೇಕಾದ ಆ ಅರ್ಧ ನಿಮಿಷ. ತಕ್ಷಣಕ್ಕೆ ನೆರವಾಗುವುದು ಒಂದೇ: ಕೆಟ್ಟ ಪ್ರಸಂಗವಾದ ಮೇಲೆ ಐದು ನಿಮಿಷ ಕೌಂಟರ್ ಬಿಟ್ಟು ಹಿಂದೆ ಹೋಗುವ ಅವಕಾಶ. ಒಬ್ಬರೇ ಇರುವ ಕೌಂಟರ್‌ನಲ್ಲಿ ಅದೂ ಇಲ್ಲ.

ರೋಸ್ಟರ್ ಬಗ್ಗೆ ಚಿಕ್ಕದಾಗಿ. ರಾತ್ರಿ ಮುಚ್ಚಿ ಬೆಳಿಗ್ಗೆ ತೆರೆಯುವ ಪಾಳಿ ವಾರಕ್ಕೆ ಎರಡು ಸಲ ಬೀಳುತ್ತಿತ್ತು. ಹತ್ತಕ್ಕೆ ಶಟರ್, ಹತ್ತೂಮುಕ್ಕಾಲಿಗೆ ಗಲ್ಲಾ ಲೆಕ್ಕ ಮುಗಿದು ಬಾಗಿಲು, ಮರುದಿನ ಎಂಟಕ್ಕೆ ಹಾಜರಿ. ನಡುವೆ ಒಂಬತ್ತೂಕಾಲು ಗಂಟೆ, ಅದರಲ್ಲೇ ಹೋಗಿಬರುವುದು, ಊಟ, ನಿದ್ದೆ. ಐರೋಪ್ಯ ಒಕ್ಕೂಟದ ಕೆಲಸದ ಅವಧಿ ನಿರ್ದೇಶನ ದಿನಕ್ಕೆ ಸತತ 11 ಗಂಟೆಯ ವಿರಾಮ ಬೇಕು ಎನ್ನುವುದು ಸುಮ್ಮನೆ ಅಲ್ಲ. ಶಿಫ್ಟ್ ಮುಗಿಯುವ ಹೊತ್ತನ್ನು ರೋಸ್ಟರ್‌ನಲ್ಲಿ ಬರೆದದ್ದಲ್ಲ, ಬಾಗಿಲು ದಾಟಿದ್ದನ್ನು ಹಿಡಿದು ಲೆಕ್ಕ ಹಾಕಬೇಕು. ಆ ಮುಕ್ಕಾಲು ಗಂಟೆಗೆ ಸಂಬಳ ಇದೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಬಿಡುವ ಮೊದಲು ಮಾಡಿದ್ದು

ಆಕೆ ಸಿಟ್ಟಿನಲ್ಲಿ ಬಿಟ್ಟಿದ್ದರೆ ಪ್ರಕರಣ ಬರೆಯುವಷ್ಟು ಇರುತ್ತಿರಲಿಲ್ಲ. ನಾಲ್ಕು ವಾರ ಒಂದು ಸಣ್ಣ ಪುಸ್ತಕ ಇಟ್ಟಳು. ಪ್ರತಿ ಜಗಳಕ್ಕೆ ಒಂದು ಸಾಲು: ಹೊತ್ತು, ಎಷ್ಟು ಜನ ಸರತಿಯಲ್ಲಿದ್ದರು, ಯಾವ ನಿಯಮ, ಕೊನೆಗೆ ಯಾರು ಏನು ಮಾಡಿದರು. ಗ್ರಾಹಕರ ಹೆಸರು, ಫೋನ್ ನಂಬರ್ ಬರೆಯಲಿಲ್ಲ. ಅದು ಮುಖ್ಯ, ಗ್ರಾಹಕರ ಮಾಹಿತಿ ಹೊರಗೆ ಒಯ್ದರೆ ದೂರು ಕೊಡಲು ಹೋದವರೇ ಸಿಕ್ಕಿಬೀಳುತ್ತಾರೆ.

ಪುಸ್ತಕ ತೋರಿಸಿದ್ದು ಆಕೆ ಅಂದುಕೊಂಡಿದ್ದನ್ನಲ್ಲ. ಬೈದವರು ನೆನಪಿನಲ್ಲಿದ್ದಷ್ಟು ಇರಲಿಲ್ಲ, ವಾರಕ್ಕೆ ಮೂರೋ ನಾಲ್ಕೋ. ಉಳಿದ ಜಗಳಗಳಲ್ಲಿ ಬಹುಪಾಲು ಮೂರೇ ನಿಯಮಗಳಿಗೆ ಸೇರಿದವು: ಅವಧಿ ಮೀರಿದ್ದು, ಸಾಮಾನು ಕಡಿಮೆ ಇದ್ದದ್ದು, ಉಚಿತ ಕೊಡುಗೆಯದ್ದು. ಬಹಳಷ್ಟು ಸಂಜೆ ಆರರಿಂದ ಎಂಟರೊಳಗೆ. ಮ್ಯಾನೇಜರ್ ಬಂದಲ್ಲೆಲ್ಲ ಹೆಚ್ಚಿನವು ಗ್ರಾಹಕರ ಪರವೇ ಮುಗಿದಿದ್ದವು. ಹೇಗೂ ಕೊಡುವುದೇ ಆಗಿದ್ದರೆ ಆಕೆಯೇ ಮೊದಲು ಕೊಡಬಹುದಿತ್ತು.

ಇದನ್ನಿಟ್ಟುಕೊಂಡು ಮೂರು ಬೇಡಿಕೆ ಬರೆದು ಕೊಟ್ಟಳು. ಅವಧಿ ಮೀರಿ ಮೂರು ದಿನದವರೆಗೆ ಮತ್ತು ಒಂದು ಮಿತಿಯ ಬೆಲೆಯವರೆಗೆ ಕೌಂಟರ್‌ನಲ್ಲೇ ಒಪ್ಪುವ ಅಧಿಕಾರ. ಆರರಿಂದ ಎಂಟರವರೆಗೆ ಬಿಲ್ಲಿಂಗ್‌ನಿಂದ ಒಬ್ಬರು. ಓವರ್‌ರೈಡ್ ಮಾಡುವಾಗ ‘ಅವರಿಗೆ ಗೊತ್ತಾಗಲಿಲ್ಲ’ ಎನ್ನದೆ ‘ಅವರು ಹೇಳಿದ್ದು ಸರಿ, ಈ ಸಲ ವಿನಾಯಿತಿ ಕೊಡುತ್ತಿದ್ದೇನೆ’ ಎನ್ನುವುದು. ಮೂರನೆಯದಕ್ಕೆ ಒಂದು ಪೈಸೆ ಖರ್ಚಿಲ್ಲ.

ಬಂದದ್ದು ಸೌಜನ್ಯದ ಬಗ್ಗೆ ಅರ್ಧ ದಿನದ ತರಬೇತಿ, ಮತ್ತು ‘ಸಿಬ್ಬಂದಿಯೊಂದಿಗೆ ಗೌರವದಿಂದ ವರ್ತಿಸಿ’ ಎಂಬ ಬೋರ್ಡ್. ಬೋರ್ಡ್ ತಪ್ಪಲ್ಲ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಒಪ್ಪಿದ 190ನೇ ಸಂಖ್ಯೆಯ ಒಡಂಬಡಿಕೆ ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಬಗ್ಗೆ ಹೇಳುವಾಗ ಗ್ರಾಹಕರಂಥ ಹೊರಗಿನವರಿಂದ ಆಗುವುದನ್ನೂ ಸೇರಿಸಿಕೊಂಡಿದೆ. ಆದರೆ ಆಕೆಯ ಪುಸ್ತಕದಲ್ಲಿದ್ದ ರೋಗಕ್ಕೆ ಅದು ಮದ್ದಾಗಿರಲಿಲ್ಲ.

ಬೇರೆ ವಿಭಾಗಕ್ಕೆ ವರ್ಗ ಕೇಳಿದಳು. ‘ಸೀಸನ್ ಮುಗಿಯಲಿ’ ಎಂದರು. ಸೀಸನ್ ಮುಗಿದ ಮೇಲೆ ‘ನಿನ್ನ ಜಾಗಕ್ಕೆ ಯಾರಿದ್ದಾರಮ್ಮಾ?’ ಎಂದರು. ಚೆನ್ನಾಗಿ ಮಾಡುವವರನ್ನು ಅಲ್ಲಿಂದ ತೆಗೆಯಲು ಯಾರಿಗೂ ಮನಸ್ಸಿರುವುದಿಲ್ಲ. ಈ ಉತ್ತರ ಎರಡನೇ ಸಲ ಬಂದ ದಿನವೇ ಬಿಡುವ ಲೆಕ್ಕ ಶುರುವಾಯಿತು. ಆ ಹೊತ್ತಿಗೆ ರಜೆಯ ದಿನವೂ ಬೆಳಿಗ್ಗೆ ಎದೆ ಭಾರವಾಗುತ್ತಿತ್ತು, ಮೆತ್ತಗೆ ಮಾತಾಡುವ ಗ್ರಾಹಕರನ್ನೂ ಅನುಮಾನದಿಂದ ನೋಡುತ್ತಿದ್ದಳು, ತಾನು ಏನು ಮಾಡಿದರೂ ಅಷ್ಟೇ ಎನ್ನಿಸುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ ಐಸಿಡಿ-11 ಪಟ್ಟಿಯಲ್ಲಿ ಬರ್ನ್‌ಔಟ್‌ಗೆ, ಅಂದರೆ ಕೆಲಸದ ಒತ್ತಡಕ್ಕೆ ಬಸವಳಿದು ಹೋಗುವುದಕ್ಕೆ, ಹೇಳಿರುವ ಮೂರು ಗುರುತುಗಳು ಹೆಚ್ಚುಕಡಿಮೆ ಇವೇ: ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಸಿನಿಕತನ, ಕೈಲಾಗುತ್ತದೆಂಬ ಭಾವ ಕುಗ್ಗುವುದು. ಅದು ಇದನ್ನು ಕಾಯಿಲೆ ಎನ್ನುವುದಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎನ್ನುತ್ತದೆ. ನಿದ್ದೆ, ಊಟ ತಪ್ಪುವಷ್ಟು ಬೆಳೆದರೆ ಮಾತ್ರ ರಾಜೀನಾಮೆಗಿಂತ ಮೊದಲು ವೈದ್ಯರು.

ದುಡ್ಡು, ತಾರೀಖು, ಕಾಗದ

ತಿಂಗಳ ಖರ್ಚನ್ನು ಎರಡು ಪಾಲು ಮಾಡಿದಳು. ತಪ್ಪಿಸಲಾಗದ್ದು ಒಂದು: ಬಾಡಿಗೆ, ದಿನಸಿ, ಸಾಲದ ಕಂತು, ಔಷಧಿ, ಫೋನ್, ಓಡಾಟ. ಉಳಿದದ್ದು ಇನ್ನೊಂದು. ಮೊದಲ ಪಾಲಿನ ಮೂರು ಪಟ್ಟು ಕೈಯಲ್ಲಿರಬೇಕು ಎಂಬುದು ಸಾಮಾನ್ಯ ಲೆಕ್ಕ. ರಿಟೇಲ್ ಬಿಡುವವರು ನಾಲ್ಕು ಎಂದಿಟ್ಟುಕೊಳ್ಳುವುದು ಕ್ಷೇಮ, ಏಕೆಂದರೆ ಕೊನೆಯ ತಿಂಗಳ ಸಂಬಳ ಬಹಳ ಕಡೆ ಎಂದಿನ ತಾರೀಖಿಗೆ ಬರುವುದಿಲ್ಲ, ಪೂರ್ತಿ ಲೆಕ್ಕ ಚುಕ್ತಾ ಆದ ಮೇಲೆಯೇ ಬರುತ್ತದೆ. ಆಕೆಯ ಹತ್ತಿರ ಎರಡೂವರೆ ಪಟ್ಟು ಇತ್ತು. ಹಾಗಾಗಿ ಇನ್ನೊಂದು ಕೆಲಸ ಕೈಗೆ ಬರುವವರೆಗೆ ಬಿಡಬಾರದೆಂದು ತೀರ್ಮಾನಿಸಿದಳು. ಆ ತೀರ್ಮಾನವೇ ಅರ್ಧ ಭಾರ ಇಳಿಸಿತು. ಕೊನೆಯ ದಿನ ಯಾವುದೆಂದು ಗೊತ್ತಿಲ್ಲದಿದ್ದರೂ ಕೊನೆಯ ದಿನ ಇದೆ ಎಂದು ಗೊತ್ತಿತ್ತಲ್ಲ.

ಸಂದರ್ಶನಕ್ಕೆ ಪಾಳಿ ದೊಡ್ಡ ಅಡ್ಡಿ. ರಜೆ ಕೇಳಿದರೆ ಕಾರಣ ಕೇಳುತ್ತಾರೆ. ಬೆಳಗಿನ ಪಾಳಿಯವರೊಂದಿಗೆ ಅದಲು ಬದಲು ಮಾಡಿಕೊಂಡು ಮಧ್ಯಾಹ್ನ ಬಿಡುವು ಮಾಡಿಕೊಂಡಳು. ಅರ್ಜಿಯಲ್ಲಿ ‘ಗ್ರಾಹಕ ಸೇವೆ’ ಎಂದಷ್ಟೇ ಬರೆದಿದ್ದರೆ ಮತ್ತೊಂದು ಕೌಂಟರ್ ಸಿಗುತ್ತಿತ್ತು. ‘ಸೀರಿಯಲ್ ನಂಬರ್ ತಾಳೆ, ವಾಪಸ್ ಸ್ಟಾಕ್ ವಿಂಗಡಣೆ, ಕಂಪನಿಗೆ ರಿಟರ್ನ್ ಕಳಿಸುವ ಕಾಗದಪತ್ರ, ದಿನದ ನಗದು ತಾಳೆ’ ಎಂದು ಬರೆದಳು. ಅದೇ ಕೆಲಸ, ಬೇರೆ ಬಾಗಿಲು. ಎರಡು ತಿಂಗಳಲ್ಲಿ ಒಂದು ಗೋದಾಮಿನ ವಾಪಸ್ ಸರಕಿನ ವಿಭಾಗದಲ್ಲಿ ಜಾಗ ಸಿಕ್ಕಿತು. ಅಲ್ಲಿಂದ ಲಿಖಿತ ಆಫರ್ ಬಂದ ಮೇಲೆಯೇ ರಾಜೀನಾಮೆ ಕೊಟ್ಟಳು. ಫೋನಿನಲ್ಲಿ ‘ಆಯ್ತು ಬನ್ನಿ’ ಎಂದದ್ದಕ್ಕೆ ಅಲ್ಲ.

ಪತ್ರ ನಾಲ್ಕೇ ಸಾಲು: ಹುದ್ದೆ ಮತ್ತು ಉದ್ಯೋಗಿ ಸಂಖ್ಯೆ, ಈ ತಾರೀಖಿನಿಂದ ರಾಜೀನಾಮೆ, ಒಪ್ಪಂದದ ನೋಟಿಸ್ ಅವಧಿಯಂತೆ ಕೊನೆಯ ಕೆಲಸದ ದಿನ ಇಂಥದ್ದು, ಬಾಕಿ ರಜೆ ಮತ್ತು ಸಂಬಳದ ಲೆಕ್ಕ ತಿಳಿಸಿ. ಕಾರಣ ಬರೆಯಲೇಬೇಕೆಂಬ ನಿಯಮ ಒಪ್ಪಂದದಲ್ಲಿ ಇಲ್ಲದಿದ್ದರೆ ಅದೂ ಬೇಡ. ಮುಖ್ಯವಾದದ್ದು ಮೂರನೇ ಸಾಲು. ತಾರೀಖು ಬರೆಯದಿದ್ದರೆ ಅದನ್ನು ಅವರು ಬರೆಯುತ್ತಾರೆ.

ಇಲ್ಲಿ ಕೆಡುವುದು ಹೆಚ್ಚಾಗಿ ಎಣಿಕೆಯಲ್ಲಿ. ಬಾಯಿಮಾತಿನಲ್ಲಿ ಹೇಳಿದ ದಿನದಿಂದ ನೋಟಿಸ್ ಎಣಿಸುತ್ತಾರೆ, ಇಮೇಲ್ ಮಾತ್ರ ಹತ್ತು ದಿನ ಬಿಟ್ಟು ಹೋಗಿರುತ್ತದೆ. ಕೆಲಸದ ದಿನವೋ ಕ್ಯಾಲೆಂಡರ್ ದಿನವೋ ಎಂಬ ಗೊಂದಲ ಇನ್ನೊಂದು. ನೋಟಿಸ್ ನಡುವೆ ತೆಗೆದುಕೊಂಡ ರಜೆಯಷ್ಟು ದಿನ ಅವಧಿ ಮುಂದಕ್ಕೆ ಹೋಗುತ್ತದೆ ಎಂಬ ಷರತ್ತು ಕೆಲವು ಒಪ್ಪಂದಗಳಲ್ಲಿ ಅಡಗಿರುತ್ತದೆ. ಬೋನಸ್ ಅಥವಾ ಇನ್ಸೆಂಟಿವ್ ‘ಪಾವತಿಯ ದಿನ ನೌಕರಿಯಲ್ಲಿದ್ದವರಿಗೆ’ ಎಂದಿದ್ದರೆ ಒಂದು ವಾರ ಮೊದಲು ಬಿಟ್ಟವರಿಗೆ ಅಷ್ಟೂ ಹೋಗುತ್ತದೆ. ಆಕೆ ಇದನ್ನು ನೋಡಿಕೊಂಡೇ ಹನ್ನೆರಡು ದಿನ ತಡ ಮಾಡಿದಳು. ಈ ನಿಯಮಗಳೆಲ್ಲ ಒಪ್ಪಂದದಿಂದ ಒಪ್ಪಂದಕ್ಕೆ, ದೇಶದಿಂದ ದೇಶಕ್ಕೆ ಬೇರೆ. ಸಹೋದ್ಯೋಗಿಯ ಅನುಭವ ಕೇಳಿ ನಂಬುವ ಬದಲು ತಮ್ಮ ಕಾಗದವನ್ನೇ ತೆಗೆದು ಓದಬೇಕು.

ಪತ್ರ ಕೊಡುವ ಮೊದಲೇ ಸಂಬಳ ಚೀಟಿ, ರಜೆ ಬಾಕಿ, ಹಾಜರಿ, ನೇಮಕಾತಿ ಪತ್ರ ಇಳಿಸಿಟ್ಟುಕೊಂಡಳು. ಎಷ್ಟೋ ಕಡೆ ಉದ್ಯೋಗಿಯ ಆ್ಯಪ್ ಕೊನೆಯ ದಿನ ಸಂಜೆಗೇ, ಕೆಲವೊಮ್ಮೆ ರಾಜೀನಾಮೆ ಕೊಟ್ಟ ದಿನವೇ ಮುಚ್ಚಿಹೋಗುತ್ತದೆ. ಆಮೇಲೆ ತನ್ನದೇ ಸಂಬಳ ಚೀಟಿಗೆ ಅರ್ಜಿ ಹಾಕಿ ಕಾಯಬೇಕು.

ಪತ್ರ ಕೊಟ್ಟ ಮೂರನೇ ದಿನ ಮ್ಯಾನೇಜರ್ ಒಳಗೆ ಕರೆದ. “ಸೇಲ್ಸ್‌ಗೇ ಹಾಕಿಸ್ತೀನಮ್ಮಾ, ಇರು.” ಒಂದು ವರ್ಷದಿಂದ ಕೇಳಿದ್ದೇ ಅದು. ಇಂಥ ಮಾತನ್ನು ತೂಗಲು ಎರಡೇ ಪ್ರಶ್ನೆ ಸಾಕು: ಬರೆದು ಕೊಡುತ್ತಾರೆಯೇ, ತಾರೀಖು ಇದೆಯೇ? “ಬರೆದು ಕೊಡ್ತೀರಾ ಸರ್?” ಎಂದಳು. “ನಂಬಿಕೆ ಇಲ್ವಾ?” ಎಂಬ ಉತ್ತರ ಬಂತು. ಮಾತು ಅಲ್ಲಿಗೆ ಮುಗಿಯಿತು.

ನೋಟಿಸ್ ತಿಂಗಳ ಅಪಾಯ ಬೇರೆ ಬಗೆಯದು: ಹೇಗೂ ಹೋಗುವವಳೆಂದು ಹಳೆಯ ಗೊಂದಲಗಳನ್ನೆಲ್ಲ ತಲೆಗೆ ಕಟ್ಟುವುದು. ಆಕೆ ಬಾಕಿ ಇದ್ದ ಪ್ರತಿ ರಿಟರ್ನ್ ಅನ್ನು ಪಟ್ಟಿ ಮಾಡಿದಳು: ಬಿಲ್ ನಂಬರ್, ವಸ್ತು ಎಲ್ಲಿದೆ, ಏನು ಕಾಯುತ್ತಿದೆ, ಮುಂದಿನ ಹೆಜ್ಜೆ ಯಾರದ್ದು. ಮುಂದೆ ಬರುವವರ ಸಹಿ ಹಾಕಿಸಿಕೊಂಡಳು. ಕೊನೆಯ ರಾತ್ರಿ ಡ್ರಾಯರ್ ಅನ್ನು ಇಬ್ಬರು ಕೂತು ಎಣಿಸಿ, ಮೊತ್ತ ಬರೆದು, ಇಬ್ಬರೂ ಸಹಿ ಹಾಕಿದರು. ಯೂನಿಫಾರ್ಮ್ ಎರಡು, ಐಡಿ ಕಾರ್ಡ್, ಲಾಕರ್ ಕೀಲಿ, ಸ್ಕ್ಯಾನರ್ ಒಪ್ಪಿಸಿದ್ದಕ್ಕೂ ಒಂದು ಚೀಟಿ. ಅಂಗಡಿಯ ಮೆಸೇಜ್ ಗುಂಪಿನಿಂದ ಆ ರಾತ್ರಿಯೇ ಹೊರಬಂದಳು, ಇಲ್ಲದಿದ್ದರೆ ಮುಂದಿನ ತಿಂಗಳೂ ‘ಆ ಇಸ್ತ್ರಿಪೆಟ್ಟಿಗೆ ಎಲ್ಲಿಟ್ಟಿದ್ದೀಯ’ ಎಂಬ ಪ್ರಶ್ನೆ ಬರುತ್ತಿತ್ತು.

ನೋಟಿಸ್ ಕೊಡದೆ ಅಂದೇ ಎದ್ದು ಹೋಗುವುದು ಸರಿಯಾದ ಸಂದರ್ಭಗಳೂ ಇವೆ: ಹೊಡೆತ, ಲೈಂಗಿಕ ಕಿರುಕುಳ, ಸಂಬಳ ಕೊಡದಿರುವುದು, ಸುಳ್ಳು ಲೆಕ್ಕಕ್ಕೆ ಸಹಿ ಹಾಕಲು ಒತ್ತಾಯ. ಆಗ ಹೋದ ದಿನವೇ ಕಾರಣವನ್ನು ಬರೆದು ಕಳಿಸಬೇಕು, ತಡವಾದರೆ ‘ಹೇಳದೆ ಕೇಳದೆ ಗೈರು’ ಎಂಬ ಅವರ ಕಾಗದ ಮೊದಲು ತಯಾರಾಗುತ್ತದೆ. ಈ ಪ್ರಕರಣದಲ್ಲಿ ಅಂಥದ್ದಿರಲಿಲ್ಲ.

ನಂತರ

ಗೋದಾಮಿನ ಕೆಲಸ ಸುಖವೇನಲ್ಲ. ಭಾರ ಹೆಚ್ಚು, ಧೂಳು ಹೆಚ್ಚು, ಸಂಬಳ ಸ್ವಲ್ಪ ಕಡಿಮೆ. ವಸ್ತುವಿನಲ್ಲಿ ದೋಷವಿದೆಯೇ ಇಲ್ಲವೇ ಎಂದು ಬರೆಯುವ ಕೊನೆಯ ಸಹಿ ಮಾತ್ರ ಆಕೆಯದೇ. ಮೊದಲ ಎರಡು ವಾರ ಫೋನ್ ರಿಂಗಾದರೆ ಬೆಚ್ಚಿ ಬೀಳುತ್ತಿದ್ದಳು, ಮೂರನೆಯ ವಾರಕ್ಕೆ ಅದು ತಗ್ಗಿತು.

ಹಳೆಯ ಅಂಗಡಿಯ ಲೆಕ್ಕ ಚುಕ್ತಾ ಆಗಿ ಬಂದಾಗ ಎರಡು ಕಡಿತ ಇದ್ದವು: ಒಂದು ಯೂನಿಫಾರ್ಮ್ ಒಪ್ಪಿಸಿಲ್ಲ ಎಂದು, ಇನ್ನೊಂದು ಕೊನೆಯ ವಾರದ ನಗದು ಕೊರತೆ ಎಂದು. ಸಹಿ ಇದ್ದ ಚೀಟಿ ಮತ್ತು ಡ್ರಾಯರ್ ಎಣಿಕೆಯ ಕಾಗದದ ಫೋಟೋ ಕಳಿಸಿದಳು. ಯೂನಿಫಾರ್ಮಿನದು ಮರುದಿನವೇ ಬಿಟ್ಟರು. ನಗದು ಕೊರತೆಯ ಮೂಲ ಹುಡುಕಿದಾಗ ಅದು ಆಕೆಯ ಡ್ರಾಯರ್‌ನಲ್ಲಿ ಮ್ಯಾನೇಜರ್ ಲಾಗಿನ್‌ನಿಂದ ಆದ ಒಂದು ರಿಫಂಡ್; ನಗದು ಕೊಟ್ಟು ಕಾರ್ಡ್ ಎಂದು ಒತ್ತಲಾಗಿತ್ತು. ಆ ದುಡ್ಡು ಬರಲು ಇನ್ನೂ 19 ದಿನ ಹಿಡಿಯಿತು.